ರಮ್, ಫೆನಿ ಫ್ಲೇವರ್‌ನ ವೇಪ್ ಜ್ಯೂಸ್ ಮನೆಯಲ್ಲೇ ಕಲಸಬಹುದಾ?

ಕೋಡಿಬಾಗ ಖಲಾಸಿ:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ. ಹನ್ನೆರಡು ವರ್ಷ ಸಿಗರೇಟು ಸೇದಿದ್ದೇನೆ, ದಿನಕ್ಕೆ ಒಂದು ಪ್ಯಾಕ್. ಎರಡು ವರ್ಷದ ಹಿಂದೆ ನಮ್ಮ ಹಡಗು ಇಂಗ್ಲೆಂಡಿನ ಒಂದು ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಅಲ್ಲಿ ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರ್ ಒಬ್ಬರು ವೇಪ್ ಸೇದುತ್ತಿದ್ದರು, ಅಂದರೆ ಜ್ಯೂಸ್ ಅನ್ನುವ ದ್ರವ ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟು. ಅಂಗಡಿಯ ಜ್ಯೂಸ್ ಅಲ್ಲ, ಕ್ಯಾಬಿನ್ನಿನ ಮೇಜಿನ ಮೇಲೆ ತಕ್ಕಡಿ ಇಟ್ಟು ತಾವೇ ಕಲಸಿದ್ದು. ಬರ್ಬನ್ ಫ್ಲೇವರ್, ಅಮೆರಿಕದ ವಿಸ್ಕಿಯದು. ಒಂದು ದಮ್ ಎಳೆದೆ ನೋಡಿ, ಸುಟ್ಟ ಸಕ್ಕರೆ, ಹಳೇ ಮರ, ಸ್ವಲ್ಪ ವೆನಿಲಾ. ಸಿಗರೇಟಿನ ನೆನಪೇ ಹೋಯಿತು. ಅವರ ಹತ್ತಿರವೇ ಕಲಿತು ಆರು ತಿಂಗಳು ಅದನ್ನೇ ಸೇದಿದೆ, ಸಿಗರೇಟು ಮುಟ್ಟಲಿಲ್ಲ.

ಈಗ ನಾಲ್ಕು ತಿಂಗಳ ರಜೆಗೆ ಊರಿಗೆ ಬಂದಿದ್ದೇನೆ. ಸಾಮಾನೆಲ್ಲ ಅಲ್ಲೇ ಬಿಟ್ಟು ಬಂದೆ. ಬಂದು ಹದಿನೈದು ದಿನವಾಗಿಲ್ಲ, ಮತ್ತೆ ಸಿಗರೇಟು ಶುರುವಾಗಿದೆ. ಮೊದಲು ಎರಡು, ಈಗ ಐದಾರು. ಮಗಳಿಗೆ ನಾಲ್ಕು ವರ್ಷ. ನಾನು ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುತ್ತಾಳೆ, ಅದು ತುಂಬಾ ಚುಚ್ಚುತ್ತದೆ.

ಹಾಗಾಗಿ ಇಲ್ಲೇ ಕಲಸಿಕೊಳ್ಳೋಣ ಅಂತ ಯೋಚನೆ. ಕಾಳಿ ಸೇತುವೆ ದಾಟಿದರೆ ಇನ್ನೇನು ಗೋವಾ, ಗೇರು ಹಣ್ಣಿನ ಮದ್ಯ ಫೆನಿ ಸಿಗುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಕೇಕಿಗೆ ಹಾಕುವ ರಮ್ ಎಸೆನ್ಸ್ ನೋಡಿದೆ. ಮೆಡಿಕಲ್ ಶಾಪಿನಲ್ಲಿ ಗ್ಲಿಸರಿನ್ ಇದೆ. ಸೇದುವ ಮಷೀನ್ ಹೇಗೋ ತರಿಸಿಕೊಡುತ್ತೇನೆ ಅಂತ ಭಾವ ಹೇಳುತ್ತಿದ್ದಾನೆ. ರಮ್ ಎಸೆನ್ಸ್ ನಡೆಯುತ್ತದಾ? ನಿಜವಾದ ಫೆನಿಯನ್ನೇ ನಾಲ್ಕು ಹನಿ ಹಾಕಿದರೆ ಹೇಗೆ? ಗೊತ್ತಿದ್ದವರು ಹೇಳಿ. ಸುಮ್ನೆ ಬಯ್ಯಬೇಡಿ, ಸಿಗರೇಟು ಬಿಡಲಿಕ್ಕೇ ಕೇಳುತ್ತಿರುವುದು.

ಮಾಜಾಳಿ ಮಾವ:

ತಮ್ಮಾ, ಬಯ್ಯುವುದಿಲ್ಲ. ನಾನೂ ಮಾಜಾಳಿಯವನೇ, ಮ್ಯಾಂಚೆಸ್ಟರಿನಲ್ಲಿ ಆರು ವರ್ಷ ಇದ್ದೆ. ಸಿಗರೇಟು ಬಿಟ್ಟಿದ್ದು ನೀನು ಬಿಟ್ಟ ಹಾಗೇ. ಕಲಸುವ ಕೆಲಸ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಹೇಳುತ್ತೇನೆ, ಅಲ್ಲಿ ಮಾಡಿದ್ದನ್ನು ಇಲ್ಲಿ ಗ್ಲಿಸರಿನ್ ಬಾಟಲಿ ಮತ್ತು ಕೇಕ್ ಎಸೆನ್ಸ್ ಇಟ್ಟುಕೊಂಡು ಮಾಡಲು ಬರುವುದಿಲ್ಲ.

ಅಲ್ಲಿ ಹೇಗಿತ್ತು ನೆನಪು ಮಾಡಿಕೋ. ಎರಡು ದ್ರವ, ಪಿಜಿ ಮತ್ತು ವಿಜಿ. ಪಿಜಿ ಅಂದರೆ ಪ್ರೊಪಿಲಿನ್ ಗ್ಲೈಕಾಲ್, ತೆಳ್ಳಗೆ, ಫ್ಲೇವರನ್ನು ಹೊತ್ತು ತರುವುದು ಅದೇ. ವಿಜಿ ಅಂದರೆ ಸಸ್ಯದ ಗ್ಲಿಸರಿನ್, ದಪ್ಪ, ಹೊಗೆಯಂತೆ ಕಾಣುವುದು ಅದರಿಂದ. ಅರ್ಧಕ್ಕರ್ಧ, ಇಲ್ಲವೇ 30ಕ್ಕೆ 70. ಸಿರಿಂಜಿನಲ್ಲಿ ಅಳೆದರೆ ವಿಜಿ ಅಂಟಿಕೊಂಡು ಲೆಕ್ಕ ತಪ್ಪುತ್ತದೆ, ಹಾಗಾಗಿ ಎಲ್ಲರೂ ತೂಕದಲ್ಲೇ ಕಲಸುವುದು. ಒಂದು ಮಿಲಿ ಪಿಜಿ 1.04 ಗ್ರಾಂ, ವಿಜಿ 1.26 ಗ್ರಾಂ. ನಿಕೋಟಿನ್ ವಿಷಯದಲ್ಲಿ ಅಲ್ಲಿನ ಕಾನೂನು ಕಟ್ಟುನಿಟ್ಟು: ಮಿಲಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರುವಂತಿಲ್ಲ, ಬಾಟಲಿ 10 ಮಿಲಿಗಿಂತ ದೊಡ್ಡದು ಇರುವಂತಿಲ್ಲ. ಮಿಲಿಗೆ 18 ಮಿಲಿಗ್ರಾಂ ಇರುವ ಒಂದು ಬಾಟಲಿಯನ್ನು ನಿಕೋಟಿನ್ ಇಲ್ಲದ 50 ಮಿಲಿ ಜ್ಯೂಸಿಗೆ ಸುರಿದರೆ ಒಟ್ಟು 60 ಮಿಲಿ, ಮಿಲಿಗೆ 3 ಮಿಲಿಗ್ರಾಂ. ಅಂದರೆ ಬಲವಾದ ನಿಕೋಟಿನ್ ಮನೆಯವರ ಕೈಗೆ ಸಿಗುವುದೇ ಇಲ್ಲ. ಫ್ಲೇವರ್ ಕೂಡ ಇದಕ್ಕೆಂದೇ ಮಾಡಿದ್ದು, ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಬಣ್ಣ ಇಲ್ಲ. ಬರ್ಬನ್ ಕಲಸಿದ ದಿನ ಉಗುರಿನ ಬಣ್ಣ ತೆಗೆಯುವ ದ್ರವದ ಹಾಗೆ ಘಾಟು ಹೊಡೆಯುತ್ತದೆ. ಕಪಾಟಿನ ಕತ್ತಲೆಯಲ್ಲಿ ಎರಡು ಮೂರು ವಾರ ಇಟ್ಟ ಮೇಲೆ ಮರದ ವಾಸನೆ ಮುಂದೆ ಬರುತ್ತದೆ.

ನಿಜವಾದ ಮದ್ಯ ಹಾಕುವ ಮಾತು. ನಾನು ಹಾಕಿ ನೋಡಿದ್ದೇನೆ. ಒಂದು ಡಿಸೆಂಬರ್ ರಾತ್ರಿ, ಜ್ಯೂಸ್ ಖಾಲಿ, ಮೇಜಿನ ಮೇಲೆ ಒಳ್ಳೆ ಡಾರ್ಕ್ ರಮ್. ಒಂದು ಚಮಚ ಬೆರೆಸಿ ಟ್ಯಾಂಕಿಗೆ ತುಂಬಿದೆ. ಮೊದಲ ದಮ್ಮಿಗೆ ಗಂಟಲಿಗೆ ಮೆಣಸಿನ ಘಾಟು ಹೊಡೆದ ಹಾಗೆ ಆಯಿತು. ಮೂರನೆಯದಕ್ಕೆ ಚಟ್ ಚಟ್ ಅಂತ ಸಿಡಿದು ಬಿಸಿ ಹನಿ ನಾಲಿಗೆಗೆ ಬಿತ್ತು. ಹತ್ತನೆಯದಕ್ಕೆ ಸುಟ್ಟ ಬೆಲ್ಲದ ಕಹಿ. ಜ್ಯೂಸ್ ಕಾಯಿಸುವ ತಂತಿ, ಅಂದರೆ ಕಾಯಿಲ್ ತೆಗೆದು ನೋಡಿದರೆ ಅದರ ಹತ್ತಿ ಕರ್ರಗೆ, ಕೈಗೆ ಸಿಕ್ಕಿದ್ದು ಪುಡಿಪುಡಿ. ಅದೆಲ್ಲ ಎದೆಗೆ ಹೋಗುತ್ತಿತ್ತಲ್ಲ ಅಂತ ಅವತ್ತು ನಿಜಕ್ಕೂ ಹೆದರಿದೆ.

ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಕಾಯಿಲ್ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ. ಮೊದಲು ಅದು ಹಾರಿಹೋಗುತ್ತದೆ. ಉಳಿದ ನೀರು ಸಿಡಿಯುತ್ತದೆ, ಸಕ್ಕರೆ ಮತ್ತು ಕ್ಯಾರಮೆಲ್ ಬಣ್ಣ ಸುಟ್ಟು ಕಾಯಿಲ್‌ಗೆ ಹತ್ತಿಕೊಳ್ಳುತ್ತದೆ. ಫೆನಿಯಲ್ಲಿ ಸಕ್ಕರೆ ಇಲ್ಲ ಅನ್ನಬಹುದು, ಆದರೆ ಇರುವುದೆಲ್ಲ ಆಲ್ಕೋಹಾಲ್ ಮತ್ತು ನೀರೇ ತಾನೆ. ನಾಲ್ಕು ಹನಿಯಲ್ಲಿ ಫೆನಿ ವಾಸನೆ ಬರುವುದಿಲ್ಲ, ವಾಸನೆ ಬರುವಷ್ಟು ಹಾಕಿದರೆ ಸೇದಲು ಆಗುವುದಿಲ್ಲ.

ಮಸಾಲೆ ರಮ್ ಫ್ಲೇವರಿನ ಇನ್ನೊಂದು ಕಥೆ. ಅದರಲ್ಲಿ ದಾಲ್ಚಿನ್ನಿ ಇತ್ತು. ರಾತ್ರಿ ತುಂಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಪ್ಲಾಸ್ಟಿಕ್ ಟ್ಯಾಂಕಿನ ಮೈಯೆಲ್ಲ ಜೇಡರ ಬಲೆಯ ಹಾಗೆ ಸೀಳು. ದಾಲ್ಚಿನ್ನಿ, ಕಿತ್ತಳೆ, ನಿಂಬೆ ಫ್ಲೇವರುಗಳು ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ, ಅದಕ್ಕೆ ಗಾಜಿನ ಟ್ಯಾಂಕೇ ಬೇಕು. ಗಾಜಿಗೆ ಬದಲಾಯಿಸಿದೆ, ಆದರೆ ಎದೆಯನ್ನು ಬದಲಾಯಿಸಲು ಆಗುತ್ತದಾ ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ಆ ಫ್ಲೇವರ್ ಚೆಲ್ಲಿದೆ.

ಕೋಡಿಬಾಗ ಖಲಾಸಿ:

ಮಾವ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಫೆನಿ ವಿಚಾರ ಬಿಟ್ಟೆ. ಆದರೆ ಎಸೆನ್ಸ್ ತಿನ್ನುವ ವಸ್ತು ಅಲ್ವಾ? ಕ್ರಿಸ್ಮಸ್ಸಿಗೆ ನಮ್ಮ ಪಕ್ಕದ ಮನೆಯವರು ಕೇಕಿಗೆ ಅದನ್ನೇ ಹಾಕುತ್ತಾರೆ, ಮಕ್ಕಳೂ ತಿನ್ನುತ್ತಾರೆ. ತಿಂದರೆ ಏನೂ ಆಗದ್ದು ಎಳೆದರೆ ಯಾಕೆ ಆಗಬೇಕು? ಮತ್ತೆ ಗ್ಲಿಸರಿನ್ ಅಂತೂ ಗ್ಲಿಸರಿನ್ನೇ ತಾನೆ.

ಔಷಧಿ ಅಂಗಡಿ, ಶಿರಸಿ:

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಫಾರ್ಮಸಿಸ್ಟ್.

ಹೊಟ್ಟೆಯೂ ಎದೆಯೂ ಒಂದೇ ಅಲ್ಲ. ಹೊಟ್ಟೆಗೆ ಹೋದ ಎಣ್ಣೆ, ಸಕ್ಕರೆ, ಬಣ್ಣ ಎಲ್ಲವನ್ನೂ ಜೀರ್ಣ ಮಾಡಲು ಆಮ್ಲ ಇದೆ, ಲಿವರ್ ಇದೆ, ಬೇಡದ್ದು ಹೊರಗೆ ಹೋಗುತ್ತದೆ. ಎದೆಯೊಳಗೆ ಇರುವುದು ಈರುಳ್ಳಿ ಸಿಪ್ಪೆಗಿಂತ ತೆಳುವಾದ ಗಾಳಿಚೀಲಗಳು. ಅಲ್ಲಿ ಎಣ್ಣೆ ಹೋಗಿ ಕೂತರೆ ಕರಗಿಸುವವರು ಯಾರೂ ಇಲ್ಲ. ಅದರಿಂದಲೇ ಒಂದು ಜಾತಿಯ ನ್ಯುಮೋನಿಯಾ ಬರುತ್ತದೆ. ಬೇಕರಿ ಎಸೆನ್ಸುಗಳಲ್ಲಿ ಕೆಲವು ಎಣ್ಣೆಯಲ್ಲೇ ಮಾಡಿದ್ದು, ಕೆಲವಕ್ಕೆ ಬಣ್ಣ ಸೇರಿಸಿರುತ್ತಾರೆ. ಲೇಬಲ್ಲಿನಲ್ಲಿ ಅಡುಗೆಗೆ ಅಂತ ಇರುತ್ತದೆ, ಉಸಿರಿಗೆ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ತಿನ್ನಬಹುದಾದದ್ದು ಎಳೆದರೆ ಏನಾಗುತ್ತದೆ ಅನ್ನುವುದಕ್ಕೆ ಡೈಅಸಿಟೈಲ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಬೆಣ್ಣೆ ವಾಸನೆ ಕೊಡುವ ವಸ್ತು ಅದು. ಬೆಣ್ಣೆಯಲ್ಲೇ ಸಹಜವಾಗಿ ಇದೆ, ತಿಂದರೆ ತೊಂದರೆ ಇಲ್ಲ. ಅಮೆರಿಕದ ಮಿಸೌರಿಯಲ್ಲಿ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರು ಬಿಸಿ ಬೆಣ್ಣೆ ಫ್ಲೇವರಿನ ಆವಿಯನ್ನು ದಿನವೂ ಉಸಿರಾಡಿದರು. 2000ರಲ್ಲಿ ಗೊತ್ತಾಯಿತು, ಅವರ ಶ್ವಾಸಕೋಶದ ಸಣ್ಣ ನಾಳಗಳೆಲ್ಲ ಗಾಯವಾಗಿ ಮುಚ್ಚಿಹೋಗಿವೆ. ಹೋದ ಉಸಿರು ವಾಪಸ್ ಬರಲಿಲ್ಲ. ಬಟರ್ ರಮ್, ಕ್ರೀಮ್ ಲಿಕ್ಕರ್, ಬಟರ್‌ಸ್ಕಾಚ್ ಅಂತ ನೀವು ಇಷ್ಟಪಡುವ ಫ್ಲೇವರುಗಳಿಗೆ ಆ ನುಣುಪು ಕೊಡುವುದು ಇದೇ ಜಾತಿಯ ವಸ್ತುಗಳು. ವೇಪ್ ಸೇದುವವರು ಪಡೆಯುವ ಪ್ರಮಾಣ ಆ ಕೆಲಸಗಾರರಷ್ಟಿಲ್ಲ, ಒಪ್ಪುತ್ತೇನೆ. ಆದರೂ ಬ್ರಿಟನ್ನಿನಲ್ಲಿ ವೇಪ್ ಜ್ಯೂಸಿಗೆ ಡೈಅಸಿಟೈಲ್ ಹಾಕುವಂತಿಲ್ಲ. ನಮ್ಮ ಕೇಕ್ ಎಸೆನ್ಸಿಗೆ ಅಂಥ ಕಟ್ಟುಪಾಡು ಯಾಕಿರಬೇಕು, ಅದನ್ನು ಎಳೆಯುತ್ತಾರೆ ಅಂತ ಮಾಡಿದವರು ಅಂದುಕೊಂಡೇ ಇರುವುದಿಲ್ಲ.

2019ರಲ್ಲಿ ಅಮೆರಿಕದಲ್ಲಿ ನಡೆದದ್ದೂ ಅದೇ ಪಾಠ. ವಿಟಮಿನ್ ಇ ಅಸಿಟೇಟ್ ಅನ್ನುವ ಎಣ್ಣೆಯಂಥ ವಸ್ತು, ಕ್ರೀಮಿನಲ್ಲಿ ಹಚ್ಚಿಕೊಳ್ಳುತ್ತೇವೆ, ಮಾತ್ರೆಯಲ್ಲಿ ನುಂಗುತ್ತೇವೆ. ಅದನ್ನು ಕದ್ದುಮುಚ್ಚಿ ಮಾರುವ ಗಾಂಜಾ ವೇಪ್‌ಗಳಲ್ಲಿ ಬೆರೆಸಿದ್ದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆಗೆ, 68 ಸಾವು. ಅಂಗಡಿಯ ನಿಕೋಟಿನ್ ಜ್ಯೂಸಿನಿಂದ ಆದದ್ದಲ್ಲ ಅದು, ಬಹುಪಾಲು ಯಾರೋ ಎಲ್ಲೋ ಕಲಸಿ ಕೊಟ್ಟದ್ದರಿಂದ.

ಗ್ಲಿಸರಿನ್ ಗ್ಲಿಸರಿನ್ನೇ ತಾನೆ ಅಂದಿರಿ. ನಮ್ಮ ಅಂಗಡಿಯಲ್ಲಿ ಒಡೆದ ಹಿಮ್ಮಡಿಗೆ ಅಂತ ಕೊಂಡುಹೋಗುವ ಬಾಟಲಿಗಳಲ್ಲಿ ಕೆಲವಕ್ಕೆ ಗುಲಾಬಿ ಸುಗಂಧ ಬೆರೆಸಿರುತ್ತದೆ. ಇನ್ನು ಪಿಜಿ. ಅದನ್ನು ಡಬ್ಬಿಯಲ್ಲಿ ಬಿಡಿಯಾಗಿ ಮಾರುವವರಿದ್ದಾರೆ, ಪೇಂಟಿಗೂ ಬೇಕು, ಕೂಲಂಟಿಗೂ ಬೇಕು. ಡೈಎಥಿಲಿನ್ ಗ್ಲೈಕಾಲ್ ಅನ್ನುವ ವಿಷ ಅದರ ಹತ್ತಿರದ ಸಂಬಂಧಿ, ನೋಡಲು ಮೂಸಲು ಒಂದೇ ಥರ. 2022ರಲ್ಲಿ ಗ್ಯಾಂಬಿಯಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಹೋಗಿ ಸತ್ತರಲ್ಲ, ಆ ಸಿರಪ್ಪುಗಳಲ್ಲಿ ಸಿಕ್ಕಿದ್ದು ಈ ಜಾತಿಯ ವಿಷವೇ. ಲ್ಯಾಬಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುವ ವ್ಯತ್ಯಾಸವನ್ನು ಮನೆಯ ಅಡುಗೆಕಟ್ಟೆ ಮೇಲೆ ಹೇಗೆ ಕಂಡುಹಿಡಿಯುತ್ತೀರಿ?

ನಿಕೋಟಿನ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿಂದಿನವರು ತರಕಾರಿ ಹುಳಕ್ಕೆ ತಂಬಾಕಿನ ಕಷಾಯ ಹೊಡೆಯುತ್ತಿದ್ದರು. ಹುಳ ಸಾಯುವುದು ನಿಕೋಟಿನ್ನಿಂದ. ಅದು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮಳೆಯಲ್ಲಿ ನೆಂದ ಹೊಗೆಸೊಪ್ಪು ಕೊಯ್ಯುವ ಕೂಲಿಗಳಿಗೆ ವಾಂತಿ, ತಲೆಸುತ್ತು ಬರುವುದು ಅದಕ್ಕೇ. ಕೆಲವರು ಬೀಡಿಯ ಹೊಗೆಸೊಪ್ಪು ನೆನೆಹಾಕಿ ನಿಕೋಟಿನ್ ತೆಗೆಯುತ್ತೇವೆ ಅನ್ನುತ್ತಾರೆ, ದಯವಿಟ್ಟು ಅಂಥ ಮಾತಿಗೆ ಕಿವಿ ಕೊಡಬೇಡಿ. ನಿಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಸಿಹಿ ವಾಸನೆಯ ಸಣ್ಣ ಬಾಟಲಿ ಮಗುವಿನ ಕೈಗೆ ಸಿಕ್ಕರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ.

ಸಿಗರೇಟು ಬಿಡಲು ನಿಕೋಟಿನ್ ಚೂಯಿಂಗ್ ಗಮ್ ಇದೆ, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ. ಚಾಕಲೇಟಿನ ಹಾಗೆ ಅಗಿಯುತ್ತಾ ಇರುವುದಲ್ಲ. ನಾಲ್ಕೈದು ಸಲ ಅಗಿದು, ಚುರುಚುರು ಅನ್ನಿಸಿದ ಕೂಡಲೇ ಕೆನ್ನೆಯ ಮೂಲೆಗೆ ಸರಿಸಿ ಸುಮ್ನೆ ಇರಬೇಕು. ಚುರುಚುರು ನಿಂತ ಮೇಲೆ ಮತ್ತೆ ಅಗಿಯಬೇಕು. ನಡುವೆ ಚಹಾ ಕಾಫಿ ಕುಡಿಯಬಾರದು. ಗಮ್ ಕೆಲಸ ಮಾಡಲಿಲ್ಲ ಅಂತ ಬಂದು ಹೇಳುವವರು ಹೆಚ್ಚಿನವರು ಅದನ್ನು ತಪ್ಪಾಗಿ ಅಗಿದಿರುತ್ತಾರೆ. ಸಿಗರೇಟು ಪ್ಯಾಕಿನ ಮೇಲೆಯೇ ಬರೆದಿರುವ 1800-11-2356 ನಂಬರಿಗೂ ಒಮ್ಮೆ ಫೋನ್ ಮಾಡಿ, ದುಡ್ಡಿಲ್ಲ.

ಕಾರವಾರ ಕೋರ್ಟು ರಸ್ತೆ:

ವಕೀಲಿ ಮಾಡುತ್ತೇನೆ, ಹಾಗಾಗಿ ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಭಾವನವರು ಮಷೀನ್ ತರಿಸಿಕೊಡುವ ಮಾತನ್ನು ಇಲ್ಲಿಗೇ ನಿಲ್ಲಿಸಿ.

2019ರ ಸೆಪ್ಟೆಂಬರ್ 18ಕ್ಕೆ ಸುಗ್ರೀವಾಜ್ಞೆ ಬಂತು, ಅದೇ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಇ-ಸಿಗರೇಟಿನ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲಕ್ಕೂ ನಿಷೇಧ. ನಿಕೋಟಿನ್ ಇರಲಿ ಇಲ್ಲದಿರಲಿ ಒಂದೇ. ಖಾಲಿ ಫ್ಲೇವರ್ ಮಾತ್ರ ಅಲ್ವಾ ಅನ್ನುವ ವಾದ ನಡೆಯುವುದಿಲ್ಲ. ತಯಾರಿಕೆ ಅನ್ನುವ ಪದದ ವಿವರಣೆಯಲ್ಲಿ ಅದರ ಯಾವುದೇ ಭಾಗವನ್ನು ಮಾಡುವುದೂ ಸೇರಿದೆ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಮೂರು ವರ್ಷದವರೆಗೆ ಜೈಲು ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದುವುದಕ್ಕೆ ಅಂತ ಬೇರೆ ಶಿಕ್ಷೆ ಕಾಯ್ದೆಯಲ್ಲಿ ಬರೆದಿಲ್ಲ, ನಿಜ, ಆದರೆ ಸೇದುವ ವಸ್ತು ನಿಮ್ಮ ಕೈಗೆ ಬರುವ ದಾರಿಯೆಲ್ಲ ಅಪರಾಧವೇ.

ಸಿಗರೇಟು ಅಂಗಡಿಯಲ್ಲಿ ಮಾರುತ್ತಾರೆ, ಇದಕ್ಕೆ ಮಾತ್ರ ಯಾಕೆ ನಿಷೇಧ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ನನಗೂ ಅದಕ್ಕೆ ಸಮಾಧಾನವಾಗುವ ಉತ್ತರ ಸಿಕ್ಕಿಲ್ಲ. ಆದರೆ ನಿಮ್ಮದು ಹಡಗಿನ ಕೆಲಸ. ಒಂದು ಕ್ರಿಮಿನಲ್ ಕೇಸು ಬಿದ್ದರೆ ಪಾಸ್‌ಪೋರ್ಟಿಗೆ, ಪೊಲೀಸ್ ಕ್ಲಿಯರೆನ್ಸಿಗೆ ಅಲೆದಾಡಿ ಸಾಕಾಗುತ್ತದೆ. ಗೋವಾ ಬಾಟಲಿ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಅದು ಬೇರೆಯೇ ಅಬಕಾರಿ ಕೇಸು.

ಅಡಿಕೆ ತೋಟ, ಶಿರಸಿ ಸೀಮೆ:

ನನಗೆ ವೇಪ್ ಗೊತ್ತಿಲ್ಲ ಮಾರಾಯ್ರೇ. ಆದರೆ ಖಲಾಸಿಯವರು ಬರೆದದ್ದರಲ್ಲಿ ಒಂದು ಮಾತು ಹಿಡಿಸಿತು. ಸುಟ್ಟ ಸಕ್ಕರೆ, ಹಳೇ ಮರ, ಸ್ವಲ್ಪ ವೆನಿಲಾ. ಆ ರುಚಿ ಬೇಕಾದರೆ ಎದೆಗೆ ಎಳೆಯಬೇಕಾಗಿಲ್ಲ, ನಮ್ಮಲ್ಲೇ ಎಲ್ಲ ಇದೆ.

ರಮ್ ಅಂದರೆ ಏನು? ಕಬ್ಬಿನ ಕಾಕಂಬಿ ಹುಳಿ ಬಂದು ಬಟ್ಟಿ ಇಳಿದದ್ದು. ಬರ್ಬನ್ನಿನ ವೆನಿಲಾ ವಾಸನೆಯೂ ವೆನಿಲಾ ಕೋಡಿನದಲ್ಲ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟಾಗ ಮರದಿಂದ ಇಳಿಯುವುದು. ನಮ್ಮ ಜೋನಿ ಬೆಲ್ಲ, ಅಂದರೆ ನೀರು ಬೆಲ್ಲ, ಕಾಕಂಬಿಯ ಅಣ್ಣನೇ ತಾನೆ. ನಾನು ಮಾಡುವ ಕ್ರಮ ಹೇಳುತ್ತೇನೆ. ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ಜೋನಿ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಇಡಿ. ಕೈ ಬಿಡದೆ ತಿರುವುತ್ತಾ ಇರಿ. ನೊರೆ ಏಳುತ್ತದೆ, ಬಣ್ಣ ಜೇನಿನಿಂದ ಕಾಫಿ ಡಿಕಾಕ್ಷನ್ನಿಗೆ ತಿರುಗುತ್ತದೆ. ಸುಟ್ಟಿತೇನೋ ಅನ್ನಿಸುವ ಆ ಕ್ಷಣಕ್ಕೆ ಇಳಿಸಿ ಅರ್ಧ ಲೋಟ ಬಿಸಿನೀರು ಹುಷಾರಾಗಿ ಹಾಕಿ, ಹಾರುತ್ತದೆ. ನಾಲ್ಕು ಲವಂಗ, ಜಜ್ಜಿದ ಶುಂಠಿ, ಆರೇಳು ಕಾಳುಮೆಣಸು, ಸಣ್ಣ ಚೂರು ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ. ವೆನಿಲಾ ಕೋಡು ಸಿಕ್ಕರೆ ಅರ್ಧ ಸೀಳಿ ಹಾಕಿ. 2003ರ ಹೊತ್ತಿಗೆ ನಮ್ಮ ಸೀಮೆಯಲ್ಲಿ ತೋಟ ತೋಟಕ್ಕೂ ವೆನಿಲಾ ಬಳ್ಳಿ ಹಬ್ಬಿಸಿದ್ದರು, ರೇಟು ಬಿದ್ದ ಮೇಲೆ ಕಿತ್ತರು, ನಮ್ಮಲ್ಲಿ ನಾಲ್ಕು ಬಳ್ಳಿ ಉಳಿದಿದೆ. ಕೊನೆಗೆ ಎರಡು ಚಮಚ ಗಟ್ಟಿ ಚಹಾ ಡಿಕಾಕ್ಷನ್. ಇದು ಮುಖ್ಯ. ಪೀಪಾಯಿ ಮರ ಕೊಡುವ ಒಗರು ಇದರಿಂದ ಬರುತ್ತದೆ. ಆಲ್ಕೋಹಾಲಿನ ಉರಿ ಶುಂಠಿ ಮೆಣಸಿನಿಂದ. ಒಂದು ರಾತ್ರಿ ಇಟ್ಟು ಸೋಸಿ, ಎರಡು ಚಮಚ ಸಿರಪ್, ನಿಂಬೆ, ಸೋಡಾ.

ಫೆನಿ ಬೇಕು ಅಂದರೆ ಏಪ್ರಿಲ್‌ವರೆಗೆ ತಾಳಿ. ಕುಮಟಾ, ಅಂಕೋಲಾ ಬೇಣಗಳಲ್ಲಿ (ಗುಡ್ಡದ ಹುಲ್ಲುಗಾವಲು) ಗೇರು ಹಣ್ಣು ರಾಶಿ ಬಿದ್ದು ಕೊಳೆಯುತ್ತದೆ, ಬೀಜ ಮಾತ್ರ ಆರಿಸುತ್ತಾರೆ. ಅವತ್ತೇ ಬಿದ್ದ ಹಣ್ಣು ಹಿಂಡಿ ರಸ ತೆಗೆಯಿರಿ. ಗಂಟಲು ಕೆರೆಯುತ್ತದೆ ಅಂತ ಬಿಡಬೇಡಿ, ತಣ್ಣಗಾದ ಗಂಜಿ ತಿಳಿ ಬೆರೆಸಿ ಕಾಲು ತಾಸು ಇಟ್ಟರೆ ಒಗರೆಲ್ಲ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಬಸಿದುಕೊಂಡು ಕೂಡಲೇ ಕುಡಿಯಿರಿ. ಬೆಳಿಗ್ಗೆಯ ರಸ ಸಂಜೆಗೆ ನೊರೆ ಬರುತ್ತದೆ. ಫೆನಿಯ ಆ ಘಾಟು ಹಣ್ಣಿನದೇ. ಗೋವಾದವರು 2009ರಲ್ಲೇ ಫೆನಿಗೆ ಜಿಐ (ಭೌಗೋಳಿಕ ಗುರುತು) ಪಡೆದರು, ನಮ್ಮ ಹಣ್ಣು ಇನ್ನೂ ಬೇಣದಲ್ಲೇ ಕೊಳೆಯುತ್ತಿದೆ, ಆ ಹೊಟ್ಟೆಯುರಿ ನನಗೆ ಇದ್ದೇ ಇದೆ.

ಮಾಜಾಳಿ ಮಾವ:

ತೋಟದವರ ಚಹಾ ಡಿಕಾಕ್ಷನ್ ಉಪಾಯ ಸರಿಯಾಗಿದೆ. ನನಗೆ ವೇಪ್ ಬಿಟ್ಟಾಗ ಕಾಡಿದ್ದು ನಿಕೋಟಿನ್ ಅಷ್ಟೇ ಅಲ್ಲ, ಸಂಜೆ ಕೂತು ಕಲಸುವ ಕೆಲಸವೂ. ತೂಕ, ಹನಿ, ಮೂಸುವುದು, ಕಾಯುವುದು. ಕೈಗೆ ಅದು ಬೇಕು. ತಮ್ಮಾ, ನಿನಗೂ ಹಾಗೇ ಇರಬಹುದು.

ಕೋಡಿಬಾಗ ಖಲಾಸಿ:

ಎಲ್ಲರಿಗೂ ದೊಡ್ಡ ನಮಸ್ಕಾರ. ಭಾವನಿಗೆ ಬೇಡ ಅಂತ ಹೇಳಿಯಾಯಿತು. ಮೊನ್ನೆ 2 ಮಿಲಿಗ್ರಾಂ ಗಮ್ ತಂದೆ, ಹೇಳಿದ ಹಾಗೇ ಕೆನ್ನೆಗೆ ಸರಿಸಿ ಇಟ್ಟುಕೊಳ್ಳುತ್ತಿದ್ದೇನೆ. ಮೊದಲ ದಿನ ಬಿಕ್ಕಳಿಕೆ ಬಂತು, ಈಗ ಇಲ್ಲ. ನಿನ್ನೆ ಎರಡು ಸಿಗರೇಟು, ಇವತ್ತು ಇಲ್ಲಿಯವರೆಗೆ ಒಂದು. ಆ ನಂಬರಿಗೆ ನಾಳೆ ಫೋನ್ ಮಾಡುತ್ತೇನೆ.

ಮಾವ ಹೇಳಿದ್ದು ಹೌದು, ಸಂಜೆ ಕೈಗೆ ಕೆಲಸ ಬೇಕು. ನಿನ್ನೆ ಬೆಲ್ಲ ಕಾಸಿದೆ. ಜೋನಿ ಬೆಲ್ಲ ಇರಲಿಲ್ಲ, ಮನೆಯಲ್ಲಿದ್ದ ಅಚ್ಚು ಬೆಲ್ಲ ಕರಗಿಸಿದೆ, ಸ್ವಲ್ಪ ಜಾಸ್ತಿಯೇ ಸುಟ್ಟಿತು. ಮಗಳು ಬಂದು ಪಾತ್ರೆ ಮೂಸಿ, ಅಪ್ಪಾ ಏನು ಮಾಡುತ್ತಿದ್ದೀ ಅಂತ ಕೇಳಿದಳು, ಪಕ್ಕದಲ್ಲೇ ಕೂತಳು. ತೋಟದವರೇ, ನಿಮ್ಮ ಕಡೆ ಆಲೆಮನೆ ಯಾವಾಗ ಶುರು? ಒಂದು ಡಬ್ಬಿ ಜೋನಿ ಬೆಲ್ಲ ನನಗೆ ತೆಗೆದಿಡಬಹುದಾ, ಬಸ್ಸಿಗೆ ನಾನೇ ಬರುತ್ತೇನೆ.

ಅಡಿಕೆ ತೋಟ, ಶಿರಸಿ ಸೀಮೆ:

ಜನವರಿ ಕೊನೆಗೆ ಗಾಣ ಹೂಡುತ್ತೇವೆ. ಮಗಳನ್ನೂ ಕರೆದುಕೊಂಡು ಬನ್ನಿ, ಕಬ್ಬಿನ ಹಾಲು ಕುಡಿಯಲಿ. ಡಬ್ಬಿ ಮಾತ್ರ ಸ್ಟೀಲಿನದ್ದು ತನ್ನಿ.